ಬಾಗಿಲ ಹೊರಗೆ ಬಿಟ್ಟ ಬೂಟು

ಬೆನ್ನುನೋವು ಎಂದು ಹೇಳಿ ನೋಡಿ, ಕೇಳಿದವರೆಲ್ಲ ಒಂದೊಂದು ಎಣ್ಣೆಯ ಹೆಸರು ಹೇಳುತ್ತಾರೆ. ಅಸಿಡಿಟಿ ಎಂದರಂತೂ ಪಾರ್ಟಿ ಮುಗಿಯುವವರೆಗೆ ಮಾತಿಗೆ ಬರವಿಲ್ಲ. ಆದರೆ 'ನನಗೆ ಪಾದ ತಣ್ಣಗಾಗುತ್ತದೆ' ಎಂದರೆ ಯಾರಿಗೂ ಕನಿಕರವಿಲ್ಲ. 'ಸಾಕ್ಸ್ ಹಾಕ್ಕೊಳ್ಳಿ' ಎಂದು ಹೇಳಿ ಪಕ್ಕದವರ ಕಡೆ ತಿರುಗಿಬಿಡುತ್ತಾರೆ. ನನ್ನ ಪಾದಗಳು ಹುಟ್ಟಿದಾಗಿನಿಂದಲೂ ಹೀಗೇ. ಮೈಸೂರಿನ ಡಿಸೆಂಬರಿನಲ್ಲಿ ನಮ್ಮಮ್ಮ ನನ್ನ ಅಂಗಾಲಿಗೆ ಬಿಸಿ ಕೊಬ್ಬರಿ ಎಣ್ಣೆ ತಿಕ್ಕುತ್ತಾ, 'ಇದೇನು ಮಗುವೋ, ಆಗತಾನೆ ಬಾವಿಯಿಂದ ಎತ್ತಿದ ಕೊಡವೋ' ಎನ್ನುತ್ತಿದ್ದರು. ಈಗ ನಾವು ಪರದೇಶಕ್ಕೆ ಬಂದು ನೆಲೆಸಿರುವ ಡ್ಯಾನ್‌ವಿಲ್‌ನಲ್ಲಿ ಹಿಮವೇನೂ ಬೀಳುವುದಿಲ್ಲ. ಬೆಳಗ್ಗೆ ಕಾರಿನ ಗಾಜಿನ ಮೇಲೆ ಒಂದಿಷ್ಟು ಬಿಳಿ ಪುಡಿ ಕಂಡರೆ ಅದೇ ದೊಡ್ಡ ಚಳಿ. ಆದರೂ ನವೆಂಬರ್ ಬಂತೆಂದರೆ ನನ್ನ ಹೆಂಡತಿ ಶಾಲಿನಿ ಹಾಸಿಗೆಯ ನಡುವೆ ಉದ್ದ ದಿಂಬೊಂದನ್ನು ಇಟ್ಟು, ಇದನ್ನು ದಾಟಿ ನಿಮ್ಮ ಕಾಲು ಬರಕೂಡದು ಎಂದು ಕಟ್ಟಪ್ಪಣೆ ಮಾಡುತ್ತಾಳೆ. ಇಂಥ ಪಾದಗಳ ಯಜಮಾನನನ್ನು, ಅದೂ ಕೇಕಿನಲ್ಲಿ ಮೊಟ್ಟೆ ಇದೆಯೇ ಎಂದು ಎರಡು ಸಲ ವಿಚಾರಿಸುವ ಸಸ್ಯಾಹಾರಿಯನ್ನು, ಚಳಿಗಾಲದ ಬಾತುಕೋಳಿ ಬೇಟೆಗೆ ಯಾರಾದರೂ ಕರೆಯುತ್ತಾರೆಯೇ? ಯಾರೂ ಕರೆಯಲಿಲ್ಲ. ನಾನೇ ಬರುತ್ತೇನೆಂದು ಹೇಳಿ ಸಿಕ್ಕಿಹಾಕಿಕೊಂಡೆ.

ಪಕ್ಕದ ಮನೆಯ ವಾಲ್ಟರ್ ಹೈಸ್ಕೂಲಿನಲ್ಲಿ ಮಕ್ಕಳಿಗೆ ಮರಗೆಲಸ ಕಲಿಸಿ ನಿವೃತ್ತರಾದವರು. ಅವರ ಹೆಂಡತಿ ಮಾರ್ಥಾ ಹೋದ ವಸಂತದಲ್ಲಿ ತೀರಿಕೊಂಡರು. ಶಾಲಿನಿ ಬಿಸಿಬೇಳೆಬಾತು ಮಾಡಿದಾಗಲೆಲ್ಲ ಒಂದು ಡಬ್ಬಿ ಬೇಲಿಯ ಮೇಲಿಂದ ಆ ಕಡೆಗೆ ಹೋಗುವುದು ಮೊದಲಿನಿಂದ ಬಂದ ಪದ್ಧತಿ. ಮಾರ್ಥಾ ಇರುವವರೆಗೆ ಆ ಡಬ್ಬಿ ಒಂದು ದಿನವೂ ಬರಿದಾಗಿ ವಾಪಸ್ ಬಂದದ್ದಿಲ್ಲ. ತೋಟದ ನಿಂಬೆಹಣ್ಣು, ಇಲ್ಲವೇ ಒಂದು ತುಂಡು ಬಾಳೆಹಣ್ಣಿನ ಬ್ರೆಡ್ಡು ಅದರಲ್ಲಿರುತ್ತಿತ್ತು. ಕೊಟ್ಟ ಪಾತ್ರೆಯನ್ನು ಖಾಲಿ ಕಳಿಸಬಾರದೆಂಬ ನಮ್ಮ ಅಜ್ಜಿಯ ಕಾನೂನು ಆ ಹೆಂಗಸಿಗೆ ಯಾರು ಹೇಳಿಕೊಟ್ಟರೋ ಕಾಣೆ. ಮಾರ್ಥಾ ಹೋದ ಮೇಲೆ ಡಬ್ಬಿ ತೊಳೆದು, ಒರೆಸಿ, ಖಾಲಿಯಾಗಿ ಬರತೊಡಗಿತು. ವಾಲ್ಟರ್ ದಿನವಿಡೀ ಗ್ಯಾರೇಜಿನ ಬಾಗಿಲು ಎತ್ತಿಟ್ಟು ಕುರ್ಚಿಯಲ್ಲಿ ಕೂತಿರುತ್ತಿದ್ದರು. ಕಾಲ ಬುಡದಲ್ಲಿ ಅವರ ವಯಸ್ಸಾದ ಲ್ಯಾಬ್ರಡಾರ್ ನಾಯಿ ಪೆನ್ನಿ. ಇಬ್ಬರೂ ರಸ್ತೆ ನೋಡುತ್ತಿದ್ದರು, ಇಬ್ಬರಿಗೂ ಯಾರೂ ಬರಬೇಕಾದದ್ದಿರಲಿಲ್ಲ.

ನವೆಂಬರಿನಲ್ಲಿ ಒಂದು ಸಂಜೆ ಕಸದ ಡಬ್ಬ ಎಳೆದು ತರುವಾಗ ಎದುರಾದರು. ಬಾತುಕೋಳಿ ಸೀಸನ್ ಶುರುವಾಗಿದೆಯಂತಲ್ಲ ಎಂದು ಮಾತಿಗೆ ಹೇಳಿದೆ. ಈ ವರ್ಷ ಹೋಗುವುದಿಲ್ಲ ಎಂದರು. ಪ್ರತಿ ಚಳಿಗಾಲವೂ ಮಾರ್ಥಾ ಜೊತೆಗೆ ಬರುತ್ತಿದ್ದಳು, ಬಂದೂಕು ಮುಟ್ಟುತ್ತಿರಲಿಲ್ಲ, ಪಕ್ಕದಲ್ಲಿ ಕೂತು ಉಣ್ಣೆ ಹೆಣೆಯುತ್ತಿದ್ದಳು. ಅಲ್ಲಿ ಒಬ್ಬನೇ ಕೂರುವುದು ತನಗೆ ಗೊತ್ತಿಲ್ಲ ಎಂದರು. ಆ ಮಾತು ಕೇಳಿ ನನ್ನ ಕರುಳು ಚುರುಕ್ಕೆಂದಿತು. ನಾಲಿಗೆ ಅದಕ್ಕಿಂತ ಮುಂದೆ ಓಡಿ, 'ನಾನು ಬರುತ್ತೇನೆ' ಎಂದಿತು. ವಾಲ್ಟರ್ ನನ್ನನ್ನು ತಲೆಯಿಂದ ಚಪ್ಪಲಿಯವರೆಗೆ ನೋಡಿದರು. ನೀನು ಗುಂಡು ಹೊಡೆಯಬೇಕಾಗಿಲ್ಲ, ಆದರೆ ಎರಡು ಷರತ್ತು ಎಂದರು. ಒಂದು, ಮಾತಾಡಬಾರದು. ಎರಡು, ಒಳ್ಳೆಯ ಬೆಚ್ಚನೆಯ ಬೂಟು ಬೇಕು. ಯಾಕೆಂದರೆ ಕಾಲು ಮರಗಟ್ಟಿದವನು ಕಾಲು ಕುಣಿಸುತ್ತಾನೆ, ಕಾಲು ಕುಣಿಸುವವನು ಮಾತಾಡುತ್ತಾನೆ, ಮಾತು ಕೇಳಿದ ಬಾತುಕೋಳಿ ಮತ್ತೆ ಆ ಕಡೆ ಸುಳಿಯುವುದಿಲ್ಲ.

ಮನೆಗೆ ಬಂದು ಸುದ್ದಿ ಹೇಳಿದೆ. ಶಾಲಿನಿ ಸೌಟು ಹಿಡಿದೇ ಹೊರಗೆ ಬಂದಳು. "ರೀ, ಜಿರಳೆ ಬಂದ್ರೆ ನನ್ನ ಕರೀತೀರ, ನೀವು ಶಿಕಾರಿಗೆ ಹೋಗ್ತೀರಾ?" ಎಂದಳು. ನಾನು ಹೊಡೆಯುವುದಿಲ್ಲ, ಸುಮ್ಮನೆ ಕೂರುತ್ತೇನೆ ಅಷ್ಟೆ ಎಂದೆ. "ಸುಮ್ನೆ? ನೀವು?" ಎಂದಳು. ಹೈಸ್ಕೂಲಿನಲ್ಲಿ ಓದುವ ಮಗಳು ಅನಘಾ ಫೋನಿನಿಂದ ತಲೆ ಎತ್ತದೆ, "ಅಪ್ಪಾ, ಯೂ ಟಾಕ್ ಇನ್ ಯುವರ್ ಸ್ಲೀಪ್" ಎಂದು ಸಾಕ್ಷಿ ನುಡಿದಳು. ಸ್ವಲ್ಪ ಹೊತ್ತಾದ ಮೇಲೆ ಶಾಲಿನಿಯೇ ಮೆತ್ತಗಾದಳು. "ಹೋಗ್ಬನ್ನಿ. ಪಾಪ, ಅವರು ಗ್ಯಾರೇಜಲ್ಲಿ ಒಬ್ರೇ ಕೂತಿರೋದು ನೋಡಕ್ಕಾಗಲ್ಲ. ಆದ್ರೆ ನಿಮ್ಮಿಂದ ಅವರಿಗೆ ಅದೂ ಹಾಳಾಗ್ಬಾರ್ದು, ಅಷ್ಟೇ." ಹೀಗೆ ಒಬ್ಬ ಮನುಷ್ಯನ ಇಡೀ ಚಳಿಗಾಲ ನನ್ನ ಎರಡು ತಣ್ಣನೆಯ ಪಾದಗಳ ಮೇಲೆ ನಿಂತಿತು.

ಬೂಟು ಕೊಳ್ಳಲು ಲಿವರ್‌ಮೋರ್ ಕಡೆ ಫ್ರೀವೇ ಪಕ್ಕದ ಒಂದು ದೊಡ್ಡ ಅಂಗಡಿಗೆ ಹೋದೆ. ಅಲ್ಲಿ ನೆಲದಿಂದ ಸೂರಿನವರೆಗೆ ಬೂಟುಗಳ ಗೋಡೆ. ಜುಟ್ಟು ಕಟ್ಟಿಕೊಂಡಿದ್ದ ಒಂದು ಹುಡುಗಿ ಬಂದು, ಎಂಟುನೂರು ಗ್ರಾಮಿನದು ಬೇಕೋ, ಸಾವಿರದ ಇನ್ನೂರರದು ಬೇಕೋ ಎಂದು ಕೇಳಿದಳು. ತೊಗರಿಬೇಳೆಯ ಹಾಗೆ ಬೂಟನ್ನೂ ತೂಗಿ ಕೊಡುತ್ತಾರೆಂದು ನನಗೆ ಗೊತ್ತಿರಲಿಲ್ಲ. ಅದು ಬೂಟಿನ ತೂಕವಲ್ಲವಂತೆ, ಒಳಗೆ ತುಂಬಿದ ಬೆಚ್ಚನೆಯ ಪದರದ ಲೆಕ್ಕವಂತೆ. ನೀವು ನಡೆಯುವವರೋ ಕೂರುವವರೋ ಎಂದು ಕೇಳಿದಳು. ನಡೆಯುವವರಿಗೆ ಕಡಿಮೆ ಸಾಕು, ಹೆಚ್ಚಾದರೆ ಕಾಲು ಬೆವರಿ, ಆ ಬೆವರೇ ತಣ್ಣಗಾಗಿ ಕೊಲ್ಲುತ್ತದೆ. ಕೂರುವವರಿಗೆ ಹೆಚ್ಚು ಬೇಕು. ಆಫೀಸಿನಲ್ಲಿ ಇಷ್ಟು ವರ್ಷ ನಾನು ಮಾಡಿದ್ದೇ ಕೂರುವ ಕೆಲಸ; ಧೈರ್ಯವಾಗಿ ಕೂರುವವನು ಎಂದೆ. ನಾನು ಗ್ರೋಸರಿ ಜೊತೆಯಲ್ಲಿ ಕೊಂಡಿದ್ದ ಹತ್ತಿಯ ಬಿಳಿ ಸಾಕ್ಸ್ ನೋಡಿ ಅವಳಿಗೆ ನಿಜಕ್ಕೂ ಬೇಸರವಾಯಿತು. ಹತ್ತಿ ಒದ್ದೆಯಾದರೆ ಒಣಗುವುದಿಲ್ಲ, ಉಣ್ಣೆಯದೇ ಬೇಕು ಎಂದು ಒಂದು ಜೊತೆ ದಪ್ಪ ಸಾಕ್ಸ್ ತಂದು ಹಾಕಿಸಿದಳು. ಕೊನೆಗೆ, ಬೆರಳಿಗೆ ಆಡಲು ಜಾಗವಿರಬೇಕು, ಆದರೆ ಹಿಮ್ಮಡಿ ಏಳಬಾರದು ಎಂದು ಹೇಳಿ, ಉದ್ದ ಲೇಸಿನ ಬೂಟೊಂದನ್ನು ನನ್ನ ಮುಂದಿಟ್ಟಳು.

ಇಲ್ಲಿಯವರೆಗೆ ನಾನು ಅವಳು ಹೇಳಿದ್ದನ್ನೆಲ್ಲ ಒಪ್ಪಿದ್ದೆ. ಲೇಸು ನೋಡಿದ ಕೂಡಲೇ ನನ್ನೊಳಗಿನ ಪೂರ್ವಿಕರೆಲ್ಲ ಎದ್ದು ಕೂತರು. ನೀವೇ ಹೇಳಿ, ನಮ್ಮವರು ಪಾದರಕ್ಷೆ ಕೊಳ್ಳುವುದು ಹಾಕಿಕೊಳ್ಳುವುದಕ್ಕೋ, ಬಿಡುವುದಕ್ಕೋ? ನಮ್ಮ ಮನೆ ಬಾಗಿಲಲ್ಲಿ ಬಿಡಬೇಕು, ಇನ್ನೊಬ್ಬರ ಮನೆ ಬಾಗಿಲಲ್ಲಿ ಬಿಡಬೇಕು, ದೇವಸ್ಥಾನದಲ್ಲಿ ಬಿಡಬೇಕು, ಸತ್ಯನಾರಾಯಣ ಪೂಜೆಗೆ ಕರೆದವರ ಗ್ಯಾರೇಜಿನಲ್ಲಿ ಬಿಟ್ಟು, ಊಟವಾದ ಮೇಲೆ ಆ ರಾಶಿಯಲ್ಲಿ ನಮ್ಮದನ್ನೇ ಹುಡುಕಬೇಕು. ನನ್ನ ಆಫೀಸಿನ ಶೂಸಿನ ಲೇಸನ್ನು ಕೊಂಡ ದಿನ ಕಟ್ಟಿದ್ದು, ಇವತ್ತಿಗೂ ಅದೇ ಗಂಟು ಇದೆ. ಹಾಗಾಗಿ ನಾನು ಮಂಡಿಯುದ್ದದ ರಬ್ಬರ್ ಬೂಟೊಂದನ್ನು ಆರಿಸಿದೆ, ಸಾವಿರದ ಇನ್ನೂರು ಗ್ರಾಮಿನದೇ, ಆದರೆ ಒಂದು ಸೈಜು ದೊಡ್ಡದು. ಶಾಲೆಗೆ ಹೋಗುವಾಗ ಅಪ್ಪ ಪ್ರತಿ ಜೂನಿನಲ್ಲೂ ಒಂದು ಸೈಜು ದೊಡ್ಡ ಶೂಸ್ ಕೊಡಿಸಿ ಮುಂದಕ್ಕೆ ಪೇಪರ್ ತುರುಕುತ್ತಿದ್ದರು. ಆ ಸಂಸ್ಕಾರ ಎಲ್ಲಿ ಹೋಗುತ್ತದೆ. ಅಂಗಡಿಯ ಕನ್ನಡಿಯ ಮುಂದೆ ನಿಂತು, ಕೈ ಮುಟ್ಟಿಸದೆ, ಒಂದು ಕಾಲಿನ ತುದಿಯಿಂದ ಇನ್ನೊಂದರ ಹಿಮ್ಮಡಿ ಒತ್ತಿ, ಬೂಟು ಕಳಚಿ ನೋಡಿದೆ. ಸಲೀಸಾಗಿ ಬಂತು. ಮತ್ತೆ ಹಾಕಿ ಮತ್ತೆ ಕಳಚಿದೆ. ಆ ಹುಡುಗಿ ಕುತೂಹಲದಿಂದ ನೋಡುತ್ತಿದ್ದಳು. ಬಂದವರೆಲ್ಲ ಬೂಟು ಕಾಲಲ್ಲಿ ನಿಲ್ಲುತ್ತದೆಯೇ ಎಂದು ನೋಡುತ್ತಾರೆ, ಬಿದ್ದುಹೋಗುತ್ತದೆಯೇ ಎಂದು ನೋಡಿದವರು ನೀವೇ ಮೊದಲು ಎಂದಳು. ಬುದ್ಧಿವಂತನ ಹಾಗೆ ನಕ್ಕು ಬಿಲ್ಲು ಹಾಕಿಸಿದೆ.

ಹೊಸ ಬೂಟು ಪಳಗಲಿ ಎಂದು ಆ ಶನಿವಾರ ಅದನ್ನೇ ಹಾಕಿಕೊಂಡು ಲಿವರ್‌ಮೋರ್‌ನ ದೇವಸ್ಥಾನಕ್ಕೆ ಹೋದೆವು. ಶಾಲಿನಿ ಕಾರಿಳಿದ ಮೇಲೆ ನನ್ನಿಂದ ನಾಲ್ಕು ಮಾರು ಮುಂದೆ ನಡೆದಳು. ಚಪ್ಪಲಿ ಸ್ಟ್ಯಾಂಡಿನಲ್ಲಿ ನನ್ನ ಬೂಟು ಯಾವ ಖಾನೆಗೂ ಹಿಡಿಸದೆ ಹೊರಗೇ ನಿಂತಿತು. ಸುತ್ತಲಿನ ಚಪ್ಪಲಿಗಳ ನಡುವೆ ಅದು ಮದುವೆ ಮನೆಗೆ ಬಂದ ಪೊಲೀಸಿನವನ ಹಾಗೆ ಕಾಣುತ್ತಿತ್ತು. ಹಾಸನದ ಕಡೆಯ ಹಿರಿಯರೊಬ್ಬರು, "ಯಾರ್ದಪ್ಪ ಇದು, ಒಳಗೇನಾರ ಬೆಂಕಿಗಿಂಕಿ ಬಿದ್ದದಾ?" ಎಂದು ವಿಚಾರಿಸಿದರು. ನಾನು ಗೋಪುರದ ಕಡೆ ಭಕ್ತಿಯಿಂದ ನೋಡಿದೆ. ಏನೇ ಹೇಳಿ, ಶಾಲಿನಿ ಸ್ಯಾಂಡಲಿನ ಬಕಲ್ ಬಿಚ್ಚುವಷ್ಟರಲ್ಲಿ ನಾನು ಒಳಗಿದ್ದೆ. ನನ್ನ ಆಯ್ಕೆಯ ಬಗ್ಗೆ ನನಗೆ ಹೆಮ್ಮೆಯಾಯಿತು.

ಬೇಟೆಯ ದಿನ ಕತ್ತಲಿರುವಾಗಲೇ ವಾಲ್ಟರ್ ತಮ್ಮ ಟ್ರಕ್ಕಿನಲ್ಲಿ ಉತ್ತರಕ್ಕೆ ಎರಡು ಗಂಟೆ ಕರೆದುಕೊಂಡು ಹೋದರು. ದಾರಿಯುದ್ದಕ್ಕೂ ಅವರು ಮಾತಾಡಲಿಲ್ಲ, ಷರತ್ತಿನಂತೆ ನಾನೂ ಆಡಲಿಲ್ಲ, ಹೊಟ್ಟೆ ಉಬ್ಬರಿಸಿದಂತಾಯಿತು. ಇಳಿದು ನೋಡಿದರೆ ಮಬ್ಬಿನಲ್ಲಿ ಎದುರಿಗೆ ಭತ್ತದ ಗದ್ದೆ. ಕೊಯ್ಲಾದ ಗದ್ದೆಗೆ ನೀರು ಕಟ್ಟಿದ್ದರು, ಕಣ್ಣು ಹಾಯುವವರೆಗೆ ನೀರು, ಬದು, ಕೂಳೆ. ಮದ್ದೂರಿನ ಹತ್ತಿರ ಅಮ್ಮನ ತವರಿನಲ್ಲಿ ಮಾವ ಗದ್ದೆಗೆ ಇಳಿಯುವ ಮುಂಚೆ ಎಕ್ಕಡವನ್ನು ಬದುವಿನ ಮೇಲೆ ಜೋಡಿಸಿಟ್ಟು ಇಳಿಯುತ್ತಿದ್ದುದು ನೆನಪಾಯಿತು. ಈ ವಿಷಯ ಹೇಳಲೇಬೇಕೆಂದು ಬಾಯಿ ತೆರೆದು, ಮತ್ತೆ ಮುಚ್ಚಿದೆ. ಬದುವಿನ ಕೊನೆಯಲ್ಲಿ ಬೇಟೆಗಾರರು ಅವಿತು ಕೂರುವ ಮರದ ಗೂಡು, ಬ್ಲೈಂಡು ಎನ್ನುತ್ತಾರೆ. ವಾಲ್ಟರ್ ಕೈಯಾರೆ ಕಟ್ಟಿದ್ದು. ಒಂದು ಸಣ್ಣ ಬಾಗಿಲು, ಒಳಗೆ ಒಂದು ಬೆಂಚು, ಮೂಲೆಯಲ್ಲಿ ಒಂದು ಪೆಟ್ಟಿಗೆ. ನೆಲಕ್ಕೆ ಹೂವಿನ ಕಾರ್ಪೆಟ್ಟು, ಹಳೆಯದಾದರೂ ಚೊಕ್ಕಟವಾದದ್ದು. ವಾಲ್ಟರ್ ಮತ್ತು ಪೆನ್ನಿ ಒಳಗೆ ಹೋಗಿ ಕೂತರು.

ಆಮೇಲೆ ನಡೆದದ್ದನ್ನು ನಾನು ಯೋಚಿಸಿ ಮಾಡಿದ್ದಲ್ಲ. ಎದುರಿಗೆ ಹೊಸ್ತಿಲು, ಆಚೆಗೆ ಕಾರ್ಪೆಟ್ಟು, ಕಾಲಲ್ಲಿ ಕೆಸರು. ಕಾಲಿಗೆ ತಲೆಯ ಅಪ್ಪಣೆ ಬೇಕಾಗಲಿಲ್ಲ. ಎರಡೂ ಬೂಟು ಕ್ಷಣದಲ್ಲಿ ಕಳಚಿ ಹೊರಗೆ ಬದುವಿನ ಮೇಲೆ ಜೋಡಿಯಾಗಿ ನಿಂತವು. ನಾನು ಒಳಗೆ ಹೋಗಿ ಬೆಂಚಿನ ಮೇಲೆ ಚಕ್ಕಳಮಕ್ಕಳ ಹಾಕಿ ಕೂತೆ. ಆಗಿನ್ನೂ ಮಬ್ಬುಗತ್ತಲು, ವಾಲ್ಟರ್ ಗಮನಿಸಲಿಲ್ಲ. ಕಾಲು ತಣ್ಣಗಾಗತೊಡಗಿದ ಮೇಲಷ್ಟೇ ನನಗೂ ಗಮನಕ್ಕೆ ಬಂತು. ಎದ್ದು ಹೋಗಿ ಹಾಕಿಕೊಂಡು ಬರೋಣವೆಂದರೆ ಅಲುಗಾಡುವಂತಿಲ್ಲ, ಹೇಳೋಣವೆಂದರೆ ಮಾತಾಡುವಂತಿಲ್ಲ. ಬೆರಳುಗಳು ಒಂದೊಂದಾಗಿ ನನ್ನನ್ನು ಬಿಟ್ಟು ಹೋದವು. ನಾನು ಹಲ್ಲು ಕಚ್ಚಿ ಕೂತೆ. ಈ ಮನುಷ್ಯನ ಬೆಳಗು ನನ್ನಿಂದ ಕೆಡಬಾರದು ಎಂದು ಎಲ್ಲ ದೇವರಿಗೂ ಹರಕೆ ಹೊತ್ತೆ.

ಬೆಳಕು ಹರಿಯಿತು. ತಲೆಯ ಮೇಲೆ ರೆಕ್ಕೆಗಳ ಸದ್ದಾಯಿತು. ವಾಲ್ಟರ್ ಪೀಪಿ ಊದಿ ಬಾತುಗಳನ್ನು ಕರೆದರು, ಎದ್ದು ನಿಂತರು, ಢಂ ಎಂದು ಹೊಡೆದರು. ಒಂದೂ ಬೀಳಲಿಲ್ಲ. ನನ್ನೊಳಗಿನ ಸಸ್ಯಾಹಾರಿ ಗುಟ್ಟಾಗಿ ಸಂತೋಷಪಟ್ಟ. ಆದರೆ ಪೆನ್ನಿಗೆ ಸದ್ದು ಕೇಳಿದರೆ ಓಡಿ ಬಿದ್ದದ್ದನ್ನು ತರಬೇಕೆಂಬುದಷ್ಟೇ ಗೊತ್ತು. ಬಾಗಿಲಿನಿಂದ ಚಂಗನೆ ಹಾರಿತು. ಹಾರಿದ ರಭಸಕ್ಕೆ ನನ್ನ ಎಡಗಾಲಿನ ಬೂಟು ಉರುಳಿ ನೀರಿಗೆ ಬಿದ್ದು ತೇಲಿಕೊಂಡು ಹೋಯಿತು. ಪೆನ್ನಿ ಗದ್ದೆಯೆಲ್ಲ ಹುಡುಕಿತು. ಹಕ್ಕಿ ಎಲ್ಲಿದೆ? ಹಾಗೆಂದು ಖಾಲಿ ಬಾಯಲ್ಲಿ ವಾಪಸ್ ಬರುವುದುಂಟೇ, ಅದು ಮಾರ್ಥಾ ಸಾಕಿದ ನಾಯಿ. ಬೂಟನ್ನು ಹಲ್ಲು ತಾಗದ ಹಾಗೆ ಮೆಲ್ಲಗೆ ಕಚ್ಚಿ ತಂದು, ಮತ್ತೆ ಬೆಂಚಿನ ಮೇಲೆ ಕೂತಿದ್ದ ವಾಲ್ಟರ್ ತೊಡೆಯ ಮೇಲೆ ಇಟ್ಟು, ಶಹಭಾಸ್ ಎನ್ನಿಸಿಕೊಳ್ಳಲು ಬಾಲ ಆಡಿಸುತ್ತಾ ನಿಂತಿತು.

ವಾಲ್ಟರ್ ಬೂಟು ನೋಡಿದರು. ಅದರಿಂದ ತಮ್ಮ ಪ್ಯಾಂಟಿನ ಮೇಲೆ ಸುರಿಯುತ್ತಿದ್ದ ನೀರು ನೋಡಿದರು. ನನ್ನ ಸಾಕ್ಸಿನ ಕಾಲು ನೋಡಿದರು. ಯಾಕೆ ಕಳಚಿದೆ ಎಂದು ಬಹಳ ಮೆಲ್ಲಗೆ ಕೇಳಿದರು. ನಾನು ಕೆಳಗೆ ಬೆರಳು ತೋರಿಸಿ, 'ಕಾರ್ಪೆಟ್ಟು' ಎಂದೆ. ಅವರ ಭುಜ ಅಲುಗತೊಡಗಿತು. ಅಳುತ್ತಿದ್ದಾರೆಂದುಕೊಂಡೆ. ನಗುತ್ತಿದ್ದರು. ಆಮೇಲೆ ಸ್ವಲ್ಪ ಅತ್ತರು ಕೂಡ, ಮತ್ತೆ ನಕ್ಕರು. ಆ ಸದ್ದಿಗೆ ಆ ಜಿಲ್ಲೆಯ ಬಾತುಕೋಳಿಗಳೆಲ್ಲ ಎದ್ದು ಹೋದವು. ಈ ಕಾರ್ಪೆಟ್ಟು ಹಾಸಿದವಳು ಮಾರ್ಥಾ, ಮನೆಯ ನಡುಮನೆಯಿಂದ ಕಿತ್ತು ತಂದಳು ಎಂದರು. ಬೂಟು ಬಿಟ್ಟು ಒಳಗೆ ಬಾ, ಬೂಟು ಬಿಟ್ಟು ಒಳಗೆ ಬಾ ಎಂದು ಜೀವಮಾನವೆಲ್ಲ ಬೇಡಿಕೊಂಡಳು. ಬೇಟೆಯ ಗೂಡಿನಲ್ಲಿ ಬೂಟು ಕಳಚುವ ಹುಚ್ಚ ಈ ಭೂಮಿಯ ಮೇಲೆ ಯಾರಿದ್ದಾನೆ ಎಂದು ನಾನು ಅವಳನ್ನು ಆಡಿಕೊಳ್ಳುತ್ತಿದ್ದೆ ಎಂದರು.

ಮೂಲೆಯ ಪೆಟ್ಟಿಗೆ ತೆರೆದರು. ಅದರಲ್ಲಿ ಮಾರ್ಥಾ ಹೆಣೆದ ಉಣ್ಣೆಯ ಸಾಕ್ಸುಗಳಿದ್ದವು, ಕೆಂಪು, ದಪ್ಪನೆಯವು. ಒಂದು ಜೊತೆ ನನಗೆ ಕೊಟ್ಟರು. ನಂತರ ಬಗ್ಗಿ, ಏದುಸಿರು ಬಿಡುತ್ತಾ, ತಮ್ಮ ಬೂಟಿನ ಲೇಸು ಬಿಚ್ಚಿ, ಅದನ್ನು ಬಾಗಿಲ ಹೊರಗೆ ನನ್ನ ಒಂಟಿ ಬೂಟಿನ ಪಕ್ಕದಲ್ಲಿಟ್ಟರು. ನಾವಿಬ್ಬರೂ ಕೆಂಪು ಸಾಕ್ಸ್ ಹಾಕಿಕೊಂಡು ಕಾಫಿ ಕುಡಿದೆವು. ಮಾತಾಡಬಾರದೆಂದವರು ಮಧ್ಯಾಹ್ನದವರೆಗೆ ಮಾರ್ಥಾಳ ವಿಷಯ ಮಾತಾಡಿದರು. ನಡುನಡುವೆ ಉಸಿರು ತೆಗೆದುಕೊಂಡಾಗ ನಾನು ಮದ್ದೂರಿನ ಗದ್ದೆಯ ಕಥೆಯನ್ನು ಪೂರ್ತಿ ಹೇಳಿ ಮುಗಿಸಿದೆ.

ಮುಂದಿನ ವಾರ ನಮ್ಮ ಡಬ್ಬಿ ಬೇಲಿಯ ಮೇಲೆ ಕೂತಿತ್ತು, ತುಂಬ ನಿಂಬೆಹಣ್ಣು. ಶಾಲಿನಿ ಅದನ್ನು ಅಡುಗೆಮನೆಗೆ ತಂದು ಹಣ್ಣುಗಳನ್ನು ಒಂದೊಂದಾಗಿ ಬುಟ್ಟಿಗೆ ಜೋಡಿಸಿದಳು. ವಾಲ್ಟರ್ ಮತ್ತೆ ಬರುವ ಶನಿವಾರ ಹೋಗೋಣವೆಂದಿದ್ದಾರೆ, ಹೊಸ ಷರತ್ತು ಒಂದೇ: ಸುಲಭವಾಗಿ ಕಳಚದ, ಪೆನ್ನಿಗೆ ಆಸೆ ಹುಟ್ಟಿಸದಂಥ ಬೂಟು. ಆದ್ದರಿಂದ ಮತ್ತೆ ಅದೇ ಅಂಗಡಿಗೆ ಹೋಗಿ, ಅದೇ ಹುಡುಗಿಯ ನಗು ಸಹಿಸಿಕೊಂಡು, ಅವಳು ಮೊದಲೇ ಹೇಳಿದ್ದ ಉದ್ದ ಲೇಸಿನ ಬೂಟು ಕೊಂಡೆ. ಪಳಗಲಿ ಎಂದು ಅದನ್ನೂ ದೇವಸ್ಥಾನಕ್ಕೆ ಹಾಕಿಕೊಂಡು ಹೋದೆ. ಬಾಗಿಲಲ್ಲಿ ಬಗ್ಗಿ ಲೇಸು ಬಿಚ್ಚಲು ಶುರುಮಾಡಿದಾಗ ಮಂಗಳಾರತಿಯ ಗಂಟೆ ಆಗತಾನೆ ಕೇಳಿಸಿತ್ತು. ಶಾಲಿನಿ ತೀರ್ಥ ತೆಗೆದುಕೊಂಡು, ಪ್ರದಕ್ಷಿಣೆ ಮುಗಿಸಿ, ದೊನ್ನೆಯಲ್ಲಿ ಪುಳಿಯೋಗರೆ ಹಿಡಿದು ಹೊರಗೆ ಬಂದಾಗ ನಾನು ಇನ್ನೂ ಎಡಗಾಲಿನ ಗಂಟಿನ ಮೇಲೇ ಇದ್ದೆ. "ಬಿಡಿ, ಸಾಕು ಏಳಿ," ಎಂದಳು. "ಇಷ್ಟು ಹೊತ್ತು ಬಗ್ಗಿದ್ದೀರಲ್ಲ, ದೇವ್ರು ನಮಸ್ಕಾರ ಅಂತಲೇ ತಿಳ್ಕೊಂಡಿರ್ತಾನೆ." ಗಂಟು ಬಿಡಿಸದೆಯೇ ಎದ್ದೆ. ಪಾದಗಳು ಮಾತ್ರ, ಹುಟ್ಟಿದ ಮೇಲೆ ಮೊದಲ ಸಲ, ಬೆವರುತ್ತಿದ್ದವು.