ಬುಗುರಿಯ ಜಡೆ

ಹೆಂಗಸರ ವಾರ್ಡಿನಲ್ಲಿ ಯಾರೂ ಬಾಯಿಬಿಟ್ಟು ಆಡಬಾರದ ಮಾತೊಂದಿತ್ತು. ಅದು ಬೈಗುಳವಲ್ಲ, ಬೈಗುಳಕ್ಕೆ ಅಲ್ಲಿ ಬರವಿರಲಿಲ್ಲ. ‘ಇವತ್ತು ಕೆಲಸ ಕಡಿಮೆ’ ಎಂಬ ಮಾತು. ಹಾಗೆಂದ ಗಳಿಗೆಯಲ್ಲೇ ಎಲ್ಲಿಂದಲೋ ಆಂಬುಲೆನ್ಸ್ ಬಂದು ಬಾಗಿಲಿಗೆ ನಿಲ್ಲುತ್ತದೆ ಎಂದು ನರ್ಸುಗಳು ನಂಬಿದ್ದರು. ವಾರ್ಡಿನ ಯಜಮಾನಿ ದೊಡ್ಡ ಸಿಸ್ಟರಂತೂ ಥರ್ಮಾಮೀಟರನ್ನು ಅನುಮಾನಿಸಿಯಾರು, ಇದನ್ನಲ್ಲ. ಕಾನೂನು ಅವರದೇ: ಆ ಮಾತು ಯಾರ ಬಾಯಿಂದ ಬಂತೋ ಅವರು, ಬಂದ ರೋಗಿಗಳೆಲ್ಲ ಸುಧಾರಿಸಿಕೊಳ್ಳುವ ತನಕ ಮನೆಗೆ ಹೋಗುವಂತಿಲ್ಲ.

ಈ ಕಾನೂನಿಗೆ ಆ ದಿನ ಅತಿ ಹೆಚ್ಚು ಹೆದರಿದವಳು ನರ್ಸು ಬುಗುರಿ. ನಿಂತಲ್ಲಿ ನಿಲ್ಲದ ಕಾರಣ ಜೊತೆಯವರು ಇಟ್ಟ ಹೆಸರು ಅದು. ಬುಗುರಿಗೆ ತಾನೇ ತಿರುಗುವ ಆಸೆ ಇರುತ್ತದೆಯೇ? ಯಾರೋ ದಾರ ಸುತ್ತಿ ಎಸೆಯುತ್ತಾರೆ, ಅದು ತಿರುಗುತ್ತದೆ. ಇವಳದೂ ಅಷ್ಟೇ.

ಅವತ್ತು ಅವಳ ಅಮ್ಮ ಬರುವವಳಿದ್ದಳು. ಬಾಣಂತಿ ಅಕ್ಕನ ಮನೆಗೆ ಹೊರಟಿದ್ದ ಅಮ್ಮನಿಗೆ ಈ ಊರಿನಲ್ಲಿ ಬಸ್ಸು ಬದಲಿಸಬೇಕಿತ್ತು. ಮಧ್ಯಾಹ್ನ ಇಳಿದರೆ ಸಂಜೆಯ ಬಸ್ಸು. ನಡುವಿನ ಆ ಹೊತ್ತಷ್ಟೂ ತನ್ನದು ಎಂದು ಬುಗುರಿ ಮನಸ್ಸಿನಲ್ಲೇ ಗೆರೆ ಎಳೆದುಕೊಂಡಿದ್ದಳು. ಬೆಳಗಿನ ಪಾಳಿ ಗಿಟ್ಟಿಸಲು ತನ್ನ ಎರಡು ಭಾನುವಾರಗಳನ್ನು ಯಾರ್‍ಯಾರಿಗೋ ದಾನ ಮಾಡಿದ್ದಳು.

ಅವಳಿಗೆ ಬೇಕಾಗಿದ್ದದ್ದು ದೊಡ್ಡದೇನಲ್ಲ. ಅಮ್ಮನ ಮುಂದೆ ನೆಲದ ಮೇಲೆ ಕೂತು ತಲೆ ಬಾಚಿಸಿಕೊಳ್ಳಬೇಕು. ಕೆಲಸಕ್ಕೆ ಸೇರಿದಾಗಿನಿಂದ ಅವಳ ಕೂದಲು ಟೋಪಿಯೊಳಗೆ ಗಂಟಾಗಿ ಮುದುಡಿ ಕೂತಿತ್ತು. ಎಲ್ಲರ ಹಣೆ ಮುಟ್ಟಿ ನೋಡುವುದೇ ಅವಳ ಕೆಲಸ. ಅವಳ ತಲೆಯ ಮೇಲೆ ಕೈಯಿಟ್ಟವರು ಯಾರೂ ಇರಲಿಲ್ಲ.

“ಬಾಚಣಿಗೆ ತರ್ತಾ ಇದೀನಿ ಕಣೇ,” ಎಂದಿದ್ದಳು ಅಮ್ಮ ಫೋನಿನಲ್ಲಿ. “ತುಂಬಾ ಕೆಲಸಾನಾ ಅಲ್ಲಿ?”

“ಇಲ್ಲಮ್ಮ, ಇಲ್ಲಿ ಎಲ್ಲಾ ಆರಾಮ,” ಎಂದು ಬುಗುರಿ ಎಂದಿನ ಸುಳ್ಳು ಹೇಳಿದ್ದಳು. ಆ ಸುಳ್ಳನ್ನು ಅವಳು ಯಾವಾಗಲೂ ವಾರ್ಡಿನಿಂದ ಹೊರಗೆ, ಮೆಟ್ಟಿಲ ಕೆಳಗೆ ನಿಂತೇ ಹೇಳುತ್ತಿದ್ದಳು. ಕಾನೂನು ಅಂದರೆ ಕಾನೂನು.

ಆ ಬೆಳಿಗ್ಗೆ ವಾರ್ಡು ಮಲಗಿದ ಮಗುವಿನಂತಿತ್ತು. ಅರ್ಧಕ್ಕರ್ಧ ಮಂಚ ಖಾಲಿ. ಎಲ್ಲರಿಗೂ ಗೊತ್ತಿತ್ತು, ಯಾರೂ ಉಸಿರೆತ್ತಲಿಲ್ಲ. ಕಿಟಕಿ ಪಕ್ಕದ ಮಂಚದ ಅಜ್ಜಿ ಮಾತ್ರ ಸುತ್ತ ಕಣ್ಣಾಡಿಸಿ, “ಏನೇ ಹುಡುಗಿ, ಇವತ್ತು ನಿಮಗೆ ಕೆಲ...” ಎಂದು ಬಾಯಿ ತೆರೆದಳು. ಬುಗುರಿ ಹಾರಿಹೋಗಿ ಆ ಬಾಯಿಗೆ ಥರ್ಮಾಮೀಟರ್ ತುರುಕಿದಳು.

“ಈಗ ತಾನೇ ನೋಡಿದ್ಯಲ್ಲೇ!” ಎಂದಳು ಅಜ್ಜಿ, ಅದನ್ನು ಹೊರಗೆಳೆದು.

“ಆಗಿನ ಜ್ವರ ಬೇರೆ, ಈಗಿನ ಜ್ವರ ಬೇರೆ ಅಜ್ಜಿ.”

“ನಂಗೆ ಜ್ವರಾನೇ ಇಲ್ಲ! ಕಾಲು ಮುರಿದಿರೋದು!”

ಇಷ್ಟರಲ್ಲಿ ಹೊಸ ಡಾಕ್ಟರು ಕೈಬೀಸಿಕೊಂಡು ಬಂದರು. ಅವರಿಗೆ ಓದಿದ್ದೆಲ್ಲ ಗೊತ್ತಿತ್ತು, ಈ ಕಾನೂನೊಂದು ಬಿಟ್ಟು. “ಏನ್ ಸಿಸ್ಟರ್, ಇವತ್ತು ಕೆಲಸ ಸ್ವಲ್ಪ...” ಎನ್ನುವಷ್ಟರಲ್ಲಿ ಬುಗುರಿಯ ಕೈಯಿಂದ ಸ್ಟೀಲಿನ ಟ್ರೇ ನೆಲಕ್ಕೆ ಬಿತ್ತು. ಬಿತ್ತು ಎನ್ನುವುದು ಮರ್ಯಾದೆಯ ಮಾತು, ಬೀಳಿಸಿದಳು. ಕತ್ತರಿ, ಚಿಮುಟ, ಬಟ್ಟಲುಗಳು ಮಂಚಗಳ ಕೆಳಗೆ ಓಡಿದವು. ಮಾತಿನ ಕೊನೆ ಯಾರಿಗೂ ಕೇಳಿಸಲಿಲ್ಲ.

ದೊಡ್ಡ ಸಿಸ್ಟರಿಗೆ ಸದ್ದು ಮಾತ್ರ ಕೇಳಿಸಿತು. “ಕೈಯಲ್ಲಿ ಬೆರಳಿದೆಯೋ ಬೆಣ್ಣೆಯಿದೆಯೋ? ಎಲ್ಲಾನೂ ಮತ್ತೆ ತೊಳೆದು ಕುದಿಸು!”

ಬುಗುರಿ ನೆಲದ ಮೇಲೆ ತೆವಳುತ್ತ ಚಿಮುಟ ಹುಡುಕುತ್ತಿರುವಾಗ ಡಾಕ್ಟರು ಪಾಪ, ಸಮಾಧಾನ ಹೇಳಲು ಬಗ್ಗಿದರು. “ಪರವಾಗಿಲ್ಲ ಬಿಡಿ. ಹೇಗೂ ಇವತ್ತು ಕೆಲಸ...”

ಬುಗುರಿ ಕೆಮ್ಮಿದಳು. ಅವರು ಮತ್ತೆ ಶುರು ಮಾಡಿದರು, ಇವಳು ಮತ್ತೆ ಕೆಮ್ಮಿದಳು. ಬೆಳಗಿನಿಂದ ಒಬ್ಬ ರೋಗಿಯೂ ಸಿಗದೆ ಒಣಗಿದ್ದ ಡಾಕ್ಟರ ಮುಖ ಅರಳಿತು. “ಎಷ್ಟು ದಿನದಿಂದ ಈ ಕೆಮ್ಮು? ಕೂತ್ಕೊಳ್ಳಿ. ಜೋರಾಗಿ ಉಸಿರು ತಗೊಳ್ಳಿ,” ಎಂದು ಸ್ಟೆತಾಸ್ಕೋಪ್ ಹಚ್ಚಿಯೇಬಿಟ್ಟರು. “ಎಕ್ಸ್‌ರೇ ತೆಗೆಯೋಣ. ಇವತ್ತೊಂದು ದಿನ ಇಲ್ಲೇ ಮಲಗಿಸಿ ನೋಡೋಣ.”

“ಅಯ್ಯೋ, ವಾಸಿಯಾಯ್ತು ಡಾಕ್ಟ್ರೇ!” ಎಂದು ಬುಗುರಿ ಕೈಬಿಡಿಸಿಕೊಂಡು ಓಡಿದಳು.

“ಏನೋ ಆಗಿದೆ ಈ ಹುಡುಗಿಗೆ,” ಎಂದಳು ನೆಲ ಒರೆಸುತ್ತಿದ್ದ ಆಯಾ.

“ಗಂಡು ನೋಡೋಕೆ ಬರ್ತಿರಬೇಕು,” ಎಂದಳು ಅಜ್ಜಿ. ಮಾತ್ರೆ ಹಂಚುವ ಹೊತ್ತಿಗೆ ಆ ಗಂಡು ಎತ್ತರವಾಗಿದ್ದ, ಬೆಳ್ಳಗಿದ್ದ. ಊಟದ ತಟ್ಟೆ ಬರುವ ಹೊತ್ತಿಗೆ ಅವನಿಗೆ ಒಬ್ಬ ಜಗಳಗಂಟಿ ತಂಗಿಯೂ ಹುಟ್ಟಿದ್ದಳು. ಬುಗುರಿ ಅಲ್ಲಗಳೆಯಲಿಲ್ಲ. ತಂಗಿಯ ವಿಷಯ ಮಾತಾಡುವವರು ಕೆಲಸದ ವಿಷಯ ಮಾತಾಡುವುದಿಲ್ಲವಲ್ಲ.

ಅಂತೂ ಪಾಳಿ ಮುಗಿಯಿತು. ಎಂದೂ ಹೊತ್ತಿಗೆ ಬಾರದ ಮುಂದಿನ ಪಾಳಿಯ ಸಿಸ್ಟರ್ ಅಂದು ಸರಿಯಾದ ಹೊತ್ತಿಗೆ ಬಂದಳು. ಬುಗುರಿ ಅವಳನ್ನು ಮಂಚದಿಂದ ಮಂಚಕ್ಕೆ ಕರೆದೊಯ್ದು ಯಾರಿಗೆ ಯಾವ ಔಷಧಿ ಎಂದು ಒಪ್ಪಿಸಿದಳು. ಉಳಿದದ್ದು ಅಜ್ಜಿಯ ಮಂಚ ಒಂದೇ. ಮನಸ್ಸು ಆಗಲೇ ತನ್ನ ರೂಮು ಸೇರಿ, ಅಲ್ಲಿ ಬಂದು ಕಾಯುತ್ತಿದ್ದ ಅಮ್ಮನ ಮುಂದೆ ಕೂತಾಗಿತ್ತು.

“ಮಗಳೇ!”

ಬಾಗಿಲಲ್ಲಿ ಅಮ್ಮ ನಿಂತಿದ್ದಳು. ಬಗಲಲ್ಲಿ ಚೀಲ, ಮುಖದ ತುಂಬ ನಗು. “ರೂಮಲ್ಲಿ ಎಷ್ಟು ಹೊತ್ತು ಗೋಡೆ ನೋಡ್ಕೊಂಡು ಕೂರ್‍ಲಿ? ನಾನೇ ಬಂದ್ಬಿಟ್ಟೆ.”

ಬುಗುರಿ ಬಾಗಿಲ ಕಡೆ ಓಡಿದಳು. ಅಮ್ಮನನ್ನು ಕಂಡ ಸಂಭ್ರಮದಲ್ಲಿ ಕೆಮ್ಮುವುದೇ ಮರೆತುಹೋಯಿತು. ಅಮ್ಮ ಖಾಲಿ ಮಂಚಗಳನ್ನು ಒಂದೊಂದಾಗಿ ನೋಡಿದಳು, ಎದೆಯ ಮೇಲೆ ಕೈಯಿಟ್ಟುಕೊಂಡಳು, ಎಷ್ಟೋ ದಿನದ ಭಾರ ಇಳಿಸಿದವಳಂತೆ ಗಟ್ಟಿಯಾಗಿ ಹೇಳಿದಳು:

“ನೀನು ಫೋನಲ್ಲಿ ಹೇಳ್ತಿದ್ದಿದ್ದು ನಿಜಾನೇ ಕಣೇ! ನಾನೇ ಸುಮ್ನೆ ನಂಬದೆ ಕೊರಗ್ತಿದ್ದೆ. ಇಲ್ಲಿ ಕೆಲಸ ಎಷ್ಟು ಕಡಿಮೆ!”

ಆಯಾಳ ಕೈಯಿಂದ ಒರೆಸುಬಟ್ಟೆ ಜಾರಿತು. ದೊಡ್ಡ ಸಿಸ್ಟರ್ ಮೆಲ್ಲಗೆ ತಲೆಯೆತ್ತಿದರು. ಹೊರಗೆ ಸೈರನ್ ಕೂಗಿತು.

ಹೊಲಿಗೆ ಕಾರ್ಖಾನೆಯೊಂದರ ಮಧ್ಯಾಹ್ನದ ಊಟ ಕೆಟ್ಟಿತ್ತಂತೆ. ಹೊಟ್ಟೆ ಹಿಡಿದುಕೊಂಡ ಹೆಂಗಸರು ಒಬ್ಬರ ಹಿಂದೊಬ್ಬರು ಬಂದರು. ಖಾಲಿ ಮಂಚಗಳು ತುಂಬಿ, ನೆಲದ ಮೇಲೆ ಹಾಸಿಗೆ ಬಿತ್ತು. ಹೊಸ ಡಾಕ್ಟರು ಎಲ್ಲಿಂದ ಶುರು ಮಾಡುವುದೆಂದು ತಿಳಿಯದೆ ಅಜ್ಜಿಯ ನಾಡಿ ಹಿಡಿದು ನಿಂತರು.

“ಆಡಿದ್ದು ನಮ್ಮಮ್ಮ, ನಾನಲ್ಲ,” ಎಂದಳು ಬುಗುರಿ.

“ತಾಯಿ ಬಾಯಿ ಬೇರೇನಾ, ಮಗಳ ಬಾಯಿ ಬೇರೇನಾ?” ಎಂದರು ದೊಡ್ಡ ಸಿಸ್ಟರ್. “ಸಲೈನ್ ತಗೊಂಡು ಬಾ.”

ಬುಗುರಿ ತಿರುಗತೊಡಗಿತು. ಅಮ್ಮ ಬೆಂಚಿನ ಮೇಲೆ ಕಾದಳು. ಆದರೆ ಕೈಕಟ್ಟಿ ಕೂರುವ ಜೀವ ಅದಲ್ಲ. ವಾಂತಿ ಮಾಡಿ ಮಾಡಿ ತಲೆ ಕೆದರಿಕೊಂಡ ಒಬ್ಬಳನ್ನು ನೋಡಲಾರದೆ ಚೀಲದಿಂದ ಬಾಚಣಿಗೆ ತೆಗೆದಳು. ಅವಳಾದ ಮೇಲೆ ಪಕ್ಕದವಳು. “ನಂಗೂ ಒಂದು ಜಡೆ ಹಾಕಮ್ಮ,” ಎಂದಳು ಅಜ್ಜಿ. ಬುಗುರಿ ಬಾಟಲಿ ಹಿಡಿದು ಓಡುವಾಗಲೆಲ್ಲ ನೋಡುತ್ತಿದ್ದಳು: ಅಮ್ಮನ ಬೆರಳು ಬೈತಲೆ ತೆಗೆಯುತ್ತಿತ್ತು, ಸಿಕ್ಕು ಬಿಡಿಸುತ್ತಿತ್ತು. ಎಲ್ಲ ಬೇರೆಯವರ ತಲೆ. ಅವಳಿಗೆ ಹೊಟ್ಟೆಕಿಚ್ಚಾಯಿತು. ವಾಂತಿ ಮಾಡಿಕೊಂಡವರನ್ನು ನೋಡಿ ಹೊಟ್ಟೆಕಿಚ್ಚುಪಟ್ಟ ನರ್ಸು ಅವಳೊಬ್ಬಳೇ ಇರಬೇಕು.

ಸಂಜೆಯ ಬಸ್ಸಿಗೆ ಇನ್ನೇನು ಹೊತ್ತಾಯಿತು ಎನ್ನುವಾಗ ಒಂದು ಗಳಿಗೆ ಬಿಡುವು ಸಿಕ್ಕಿತು. ಬುಗುರಿ ಓಡಿಬಂದು ಅಮ್ಮನ ಕಾಲಬುಡದಲ್ಲಿ ಕುಸಿದು ಟೋಪಿಗೆ ಕೈ ಹಾಕಿದಳು. “ಬೇಗ ಅಮ್ಮ. ಒಂದೇ ಸಲ.”

ಅಮ್ಮ ಪೆಚ್ಚಾಗಿ ಕೈ ತೋರಿಸಿದಳು. ಮೂಲೆಯ ಬೇಸಿನ್ನಿನಲ್ಲಿ, ಔಷಧಿ ನೀರಿನಲ್ಲಿ ಬಾಚಣಿಗೆ ಮುಳುಗಿತ್ತು.

“ಒಂದೇ ಬಾಚಣಿಗೆ ಇಷ್ಟು ತಲೆಗಾ!” ಎಂದರು ದೊಡ್ಡ ಸಿಸ್ಟರ್. “ಸೋಂಕು ಹೋಗೋ ತನಕ ಅದನ್ನ ಮುಟ್ಟೋ ಹಾಗಿಲ್ಲ.”

ಅಮ್ಮ ಟೋಪಿಯ ಮೇಲಿಂದಲೇ ಒಮ್ಮೆ ಕೈಯಾಡಿಸಿದಳು. ಚೀಲ ಎತ್ತಿಕೊಂಡು ಬಾಗಿಲ ತನಕ ಹೋದವಳು ನಿಂತು ತಿರುಗಿದಳು. ಕಣ್ಣು ತುಂಬಿತ್ತು. “ನಿಜ ಹೇಳು. ದಿನಾ ಹೀಗೇನಾ?”

ವಾರ್ಡಿಗೆ ವಾರ್ಡೇ ಬುಗುರಿಯ ಮುಖ ನೋಡಿತು. ಹೌದು ಎಂದರೆ ಅಮ್ಮ ದಾರಿಯುದ್ದಕ್ಕೂ ಅಳುತ್ತಾಳೆ. ಇಲ್ಲ ಎಂದರೆ ಏನಾಗುತ್ತದೆಂದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು. ಈಗ ಮೆಟ್ಟಿಲ ಕೆಳಗೆ ಹೋಗಿ ಹೇಳಲು ಹೊತ್ತಿರಲಿಲ್ಲ. ದೊಡ್ಡ ಸಿಸ್ಟರ್ ಬೇಡವೆಂದು ತಲೆಯಾಡಿಸಿದರು.

“ಇಲ್ಲಮ್ಮ,” ಎಂದು ಬುಗುರಿ ನಕ್ಕಳು. “ಇಲ್ಲಿ ಕೆಲಸ ತುಂಬಾ ಕಡಿಮೆ.”

ಅಮ್ಮನ ಮುಖ ತಿಳಿಯಾಯಿತು. ಕಣ್ಣೊರೆಸಿಕೊಂಡು ಹೊರಟಳು. ಬುಗುರಿ ಕಿಟಕಿಯಿಂದ ನೋಡುತ್ತ ನಿಂತಳು. ಗೇಟಿನ ಹತ್ತಿರ ಅಮ್ಮ ಪಕ್ಕಕ್ಕೆ ಸರಿದು, ಒಳಗೆ ಬರುತ್ತಿದ್ದ ಆಂಬುಲೆನ್ಸಿಗೆ ದಾರಿ ಬಿಟ್ಟಳು.

ದೊಡ್ಡ ಸಿಸ್ಟರ್ ಹೊಸ ಕೈಗವಸು ತಂದುಕೊಟ್ಟರು.