ಎಣ್ಣೆ ಕೇಳಿದ ಕಾರು

ಹೊಸಪೇಟೆಯಲ್ಲಿ ನನ್ನದೊಂದು ಸಣ್ಣ ಗ್ಯಾರೇಜು. ಎಂಜಿನ್ ಕೆಟ್ಟಿದೆ ಎಂದು ಬರುವವರಿಗಿಂತ ಗಾಡಿಗೆ ಗಾಳಿ ಸೋಕಿದೆ ಎಂದು ಬರುವವರೇ ಹೆಚ್ಚು. ನಾನು ನಕ್ಕು ಸ್ಪ್ಯಾನರ್ ಹಿಡಿಯುವವನು. ಆದರೆ ಒಂದು ಕಾರು ಮಾತ್ರ ನನ್ನ ನಗುವನ್ನೇ ಇಂಗಿಸಿಬಿಟ್ಟಿತು.

ಅದರ ಮಾಲೀಕರು ರಿಟೈರಾದ ಬಸ್ ಕಂಡಕ್ಟರು. ಸ್ಟೇರಿಂಗ್ ಹಿಡಿಯಲು ಕಲಿತದ್ದು ರಿಟೈರಾದ ಮೇಲೆಯೇ. ಹೆಂಡತಿಗೆ ಮಂಡಿನೋವು, ಬಸ್ ಹತ್ತಲಾರರು. ಕಂಪ್ಲಿಯ ಅಕ್ಕನ ಮನೆಗೆ ಆಕೆಯನ್ನು ಕರೆದೊಯ್ಯಲೆಂದೇ ಸೆಕೆಂಡ್ ಹ್ಯಾಂಡ್ ಡೀಸೆಲ್ ಟರ್ಬೊ ಕಾರು ಕೊಂಡಿದ್ದರು. ಆಕೆ ಒಂದೇ ಸಲ ಕೂತು, ಬೆವರುತ್ತಾ ಇಳಿದು, ಮತ್ತೆ ಹತ್ತಲಿಲ್ಲ. ಆಕೆ ಕೂರದಿದ್ದರೆ ಕಾರು ಮಾರುವುದೆಂದು ಮನೆಯಲ್ಲಿ ತೀರ್ಮಾನವಾಗಿತ್ತು. ಜೀವಮಾನದ ಆಸೆ ಅವರದು, ಪಾಪ ಅನ್ನಿಸುತ್ತಿತ್ತು.

ಅಳುವ ಎಂಜಿನ್

"ಸಂಡೂರು ಘಾಟಿ ಹತ್ತೋ ಮುಂದ ಒಳಗ ಯಾರೋ ಹೆಣ್ಮಗಳು ಅಳ್ತಾಳ್ರಿ ಮೇಸ್ತ್ರಿ," ಅಂದರು ಕಂಡಕ್ಟರು.

ಜೊತೆಗೆ ಹೋದೆ. ಏರಿನಲ್ಲಿ ನಮ್ಮ ಕಾಲ ಹತ್ತಿರದಿಂದಲೇ ಸಣ್ಣಗೆ ಅಳು ಶುರುವಾಯಿತು. ಕಾರು ಏರಿದಂತೆ ಅಳುವೂ ಏರಿತು. ರಸ್ತೆಯಲ್ಲಿ ನರಪಿಳ್ಳೆ ಇಲ್ಲ. ಗಾಡಿ ತಿರುಗಿಸ್ರಿ ಅಂದೆ.

ಗ್ಯಾರೇಜಿಗೆ ಬಂದು ಬಿಚ್ಚಿ ನೋಡಿದರೆ ಅಳುತ್ತಿದ್ದದ್ದು ಟರ್ಬೊ. ಎಂಜಿನ್ನಿಗೆ ಗಾಳಿ ಊದುವ ಪುಟ್ಟ ಫ್ಯಾನು ಅದು. ಅದರ ವೇಗಕ್ಕೆ ತೆಳ್ಳನೆಯ ಎಣ್ಣೆಯೇ ಆಗಬೇಕು, ಇಲ್ಲದಿದ್ದರೆ ಸವೆದು ಕಿರುಗುಟ್ಟುತ್ತದೆ.

"ಯಾವ ಎಣ್ಣಿ ಹಾಕೀರಿ?"

"ಮರಿಯಮ್ಮನಹಳ್ಳಿ ಲಾರಿ ಡ್ರೈವರ್ ನಮ್ಮ ದೋಸ್ತ. ಲಾರಿಗೆ ಹಾಕೋದನ್ನ ಹಾಕೀನ್ರಿ, ಹದಿನೈದು-ನಲವತ್ತು."

"ಅದು ದಪ್ಪ ಎಣ್ಣಿರಿ. ಇದಕ್ಕ ತೆಳ್ಳಂದು, ಐದು-ಮೂವತ್ತು ಹಾಕ್ರಿ ಅಂತ ಪುಸ್ತಕದಾಗ ಬರದಾರ."

ಕಂಡಕ್ಟರಿಗೆ ಸಿಟ್ಟೇ ಬಂತು. "ಲಾರಿಗೆ ಹದಿನೈದು, ನಂದಕ್ಕ ಐದಾ? ನನ್ನ ಕಾರೇನು ಅರ್ಧ ಟಿಕೆಟ್ಟೇನ್ರಿ?"

ಎಣ್ಣೆ ಬದಲಿಸದೆ ಹೊರಟೇ ಹೋದರು.

ದೇವರ ಹಿಂದಿನ ಕಣ್ಣು

ಹದಿನೈದು ದಿನಕ್ಕೆ ಕಮಲಾಪುರದ ಆಚೆಯಿಂದ ಫೋನು. "ಕೆಂಪು ಕಣ್ಣು ಬಿಡಾಕತ್ತೈತ್ರಿ, ಜಲ್ದಿ ಬರ್ರಿ!"

ಸುಡುವ ಮಧ್ಯಾಹ್ನ. ಎರಡೂ ಕಡೆ ಬಂಡೆಗಳು, ನಡುವೆ ಕಾರೊಂದೇ. ಕಂಡಕ್ಟರು ದೂರದಲ್ಲಿ ಮರದ ಬುಡದಲ್ಲಿದ್ದರು. ಒಳಗೆ ಇಣುಕಿದೆ. ಸ್ಟೇರಿಂಗ್ ಮುಂದೆ ಅಂಟಿಸಿದ್ದ ದೇವರ ಫೋಟೋ ಹಿಂದಿನಿಂದ ಕೆಂಪಗೆ ಉರಿಯುತ್ತಿತ್ತು!  ಫೋಟೋ ಕಿತ್ತೆ. ಹಿಂದಿದ್ದದ್ದು ಎಣ್ಣೆ ಕಡಿಮೆಯಾಗಿದೆ ಎಂದು ಎಚ್ಚರಿಸುವ ದೀಪ.

"ಇದನ್ನ ಯಾಕ್ ಮುಚ್ಚೀರಿ?"

"ಎರಡು ದಿನದಿಂದ ನನ್ನ ನೋಡಾಕತ್ತಿತ್ರಿ. ಇನ್ನ ನೀನ ನೋಡ್ಕೊ ಅಂತ ದೇವರಿಗೆ ಬಿಟ್ಟೀನಿ."

ಆವತ್ತು ಹಳೆಯದನ್ನೆಲ್ಲ ಇಳಿಸಿ ಸರಿಯಾದ ಎಣ್ಣೆ ಹಾಕಿದೆ. ಟರ್ಬೊ ರಿಪೇರಿ ಆಗುವವರೆಗೆ ಕಡಿಮೆಯಾದರೆ ಸ್ವಲ್ಪ ಹಾಕಿಕೊಳ್ಳಿ, ಎಣ್ಣೆ ಅಳೆಯುವ ಕಡ್ಡಿಯ ಎರಡು ಗೆರೆಗಳ ನಡುವೆಯೇ ಇರಬೇಕು, ಮೇಲಿನದನ್ನು ದಾಟಬಾರದು ಎಂದು ಇನ್ನೊಂದು ಡಬ್ಬಿ ಕೊಟ್ಟೆ. ರಿಪೇರಿಗೆ ಮಾತ್ರ ಅವರು ಬರಲೇ ಇಲ್ಲ.

ಕೀಲಿ ಕೈಯಲ್ಲಿ

ಕೆಲವು ತಿಂಗಳಾದ ಮೇಲೆ ಒಂದು ಅಮಾವಾಸ್ಯೆ ಬೆಳಿಗ್ಗೆ ಅವರ ಮನೆಯಿಂದ ಫೋನು ಬಂತು. ಮಾತಿಲ್ಲ, ಬರೀ ಅರಚಾಟ. ಓಡಿದೆ.

ಮನೆಯ ಮುಂದೆ ಕಾರು. ಅರಿಶಿನ ಕುಂಕುಮ, ಗಾಲಿಯಡಿ ನಿಂಬೆಹಣ್ಣು, ಪೂಜೆಗೆ ತೆರೆದ ಬಾನೆಟ್ಟು. ಒಳಗೆ ಯಾರೂ ಇಲ್ಲ. ಆದರೂ ಎಂಜಿನ್ ಊಳಿಡುತ್ತಿದೆ, ಹೊಗೆಗೆ ಬೀದಿಯೇ ಬೆಳ್ಳಗಾಗಿದೆ. ಅಕ್ಕಪಕ್ಕದ ಬಾಗಿಲುಗಳೆಲ್ಲ ಮುಚ್ಚಿವೆ. ಕಂಡಕ್ಟರು ನನಗೆ ಕೈ ಚಾಚಿದರು. ಅಂಗೈಯಲ್ಲಿ ಕೀಲಿ!

"ತಗದ ಮ್ಯಾಲೂ ನಡದೈತ್ರಿ."

ಸುಳ್ಳು ಹೇಳಲಾರೆ, ನಾನೂ ಮನೆದೇವರನ್ನು ನೆನೆದೆ. ಎಂಜಿನ್ನಿನ ಉಸಿರುಗಟ್ಟಿಸಲೆಂದು ಒಳಗೆ ಕೂತು ಬ್ರೇಕ್ ಅದುಮಿ, ಐದನೇ ಗೇರಿಗೆ ಹಾಕಿ ಕ್ಲಚ್ ಬಿಟ್ಟೆ. ಕಾರು ಒಮ್ಮೆ ಕುಪ್ಪಳಿಸಿ ಸತ್ತಿತು. ಬೀದಿ ಗಪ್‌ಚುಪ್ ಆಯಿತು.

ಕಡ್ಡಿ ಎಳೆದು ನೋಡಿದರೆ ಎಣ್ಣೆ ಗೆರೆ ದಾಟಿ ಎಷ್ಟೋ ಮೇಲೆ. ಹೆಚ್ಚಾದದ್ದು ಟರ್ಬೊ ಮೂಲಕ ಒಳನುಗ್ಗಿದೆ. ಡೀಸೆಲ್ ಎಂಜಿನ್ನಿಗೆ ಅದೇ ಊಟ, ಕೀಲಿಯ ಹಂಗೇ ಇಲ್ಲ.

"ಯಾರು ಹಾಕಿದ್ರಿ ಇಷ್ಟು?" ಕಂಡಕ್ಟರು ಆಣೆ ಮಾಡಿದರು, ತಾನಲ್ಲ ಎಂದು.

ಮನೆಬಾಗಿಲ ಹಿಂದಿನಿಂದ ಅವರ ಹೆಂಡತಿಯ ಸಣ್ಣ ದನಿ ಬಂತು. "ನಾನ್ರಿ. ಹಸದು ಅಳಾಕತ್ತೈತೇನೋ ಅಂತ, ಪೂಜಿ ಮುಗದ ಮ್ಯಾಲ ಅಮಾಸಿಗೊಮ್ಮಿ ನೀವು ಕೊಟ್ಟ ಡಬ್ಬಿಂದ ಒಂದು ಚಂಬು ಎಣ್ಣಿ ಎಡಿ ಇಟ್ಟೀನಿ."

ಟರ್ಬೊ ಬದಲಿಸಿ, ಎಂಜಿನ್ ತೊಳೆದು, ಗೆರೆಯ ನಡುವೆ ಸರಿಯಾದ ಎಣ್ಣೆ ಹಾಕಿ ಕಾರು ತಂದುಕೊಟ್ಟೆ. ಕೊನೆಗೂ ಆಕೆ ಮುಂದಿನ ಸೀಟಿನಲ್ಲಿ ಕೂತರು. ಕಂಡಕ್ಟರ ಕಣ್ಣಲ್ಲಿ ನೀರಾಡಿತು. ಎಂಜಿನ್ ಉಸಿರೂ ಕೇಳದಷ್ಟು ಮೆತ್ತಗೆ ಶುರುವಾಯಿತು.

ಆಕೆ ಕಿಟಕಿಯಿಂದ ನನ್ನನ್ನು ಹತ್ತಿರ ಕರೆದರು. "ಮೇಸ್ತ್ರಿ, ಖರೇನ ಈಗ ಒಳಗ ಯಾರೂ ಇಲ್ಲಾ?"

"ಯಾರೂ ಇಲ್ರಿ ಅಕ್ಕಾರ. ನನ್ನಾಣಿ."

ಆಕೆ ಸ್ಟೇರಿಂಗ್ ಹಿಡಿದ ಗಂಡನನ್ನು ಮೇಲಿಂದ ಕೆಳಗೆ ನೋಡಿದರು.

"ಹಂಗಾದ್ರ ಕಂಪ್ಲಿತನಕ ಇವರೊಬ್ರ ಗಾಡಿ ಹೊಡೀತಾರಾ?" ಎಂದವರೇ ಬಾಗಿಲು ತೆಗೆದು ಇಳಿದುಬಿಟ್ಟರು.