ಕೊನೆಯ ಹದಿನೈದು ಪುಟ

ದೇವೀಂದ್ರಪ್ಪನವರ ಮನೆಯಲ್ಲಿ ಪ್ರತಿ ರವಿವಾರ ಬೆಳಿಗ್ಗೆ ಫ್ರಿಜ್ಜಿನ ಬಾಗಿಲ ಮೇಲೆ ಒಂದು ರಾಜಾಜ್ಞೆ ಹೊರಡುತ್ತಿತ್ತು. ಹಳೆಯ ಕ್ಯಾಲೆಂಡರಿನ ಹಾಳೆ ಹರಿದು, ಅದರ ಬೆನ್ನಿಗೆ ಗೆರೆ ಹೊಡೆದು, ಕೆಂಪು ಶಾಯಿಯಲ್ಲಿ ‘ಈ ವಾರದ ಓದು’ ಎಂದು ಬರೆದು ಅಂಟಿಸುತ್ತಿದ್ದರು. ಸೋಮವಾರ ವಚನಗಳ ಟೀಕೆ, ಮಂಗಳವಾರ ಪ್ರವಾಸ ಕಥನ, ಬುಧವಾರ ಬಹಮನಿಗಳ ಇತಿಹಾಸ, ಹೀಗೆ. ಶನಿವಾರದ ಮುಂದೆ ಮಾತ್ರ ಪ್ರತಿ ವಾರವೂ ಒಂದೇ ಶಬ್ದ: ‘ಮುಗಿಸುವುದು’. (ಕಪನೂರಿನ ಬೇಳೆ ಮಿಲ್ಲಿನಲ್ಲಿ ಮೂವತ್ತೆರಡು ವರ್ಷ ಯಂತ್ರ ರಿಪೇರಿ ಮಾಡಿದ ಈ ಮಹನೀಯರು ಒಂದು ಮೋಟಾರನ್ನೂ ಅರ್ಧಕ್ಕೆ ಬಿಟ್ಟವರಲ್ಲ. ಪುಸ್ತಕದ ಮಾತು ಬೇರೆ.)

ಹುಟ್ಟಿದಾಗಿನಿಂದ ಅವರು ಒಂದು ಪುಸ್ತಕವನ್ನೂ ಮುಗಿಸಿರಲಿಲ್ಲ. ‘ಸದ್ಯ ಓದುತ್ತಿರುವವು’ ಎಂಬ ಗೌರವ ಹೊತ್ತು ಮಂಚದ ತಲೆದೆಸೆಯಲ್ಲಿ ಹನ್ನೊಂದು ಪುಸ್ತಕ ಕೂತಿದ್ದವು. ಒಂದರಲ್ಲಿ ಗುರುತಿಗೆ ಬಸ್ ಟಿಕೆಟು, ಒಂದರಲ್ಲಿ ಕರೆಂಟ್ ಬಿಲ್ಲು, ಒಂದರಲ್ಲಿ ಯಾರದೋ ಲಗ್ನಪತ್ರಿಕೆ (ಆ ವಧೂವರರಿಗೆ ಈಗ ಮೊಮ್ಮಕ್ಕಳು), ಬಹಮನಿಗಳ ಇತಿಹಾಸದಲ್ಲಿ ಹೆಂಡತಿ ಶಿವಕಾಂತಮ್ಮನ ತಲೆಪಿನ್ನು.

“ನನ್ನ ಪಿನ್ ಯಾವಾಗ ಬಿಡುಗಡಿ ಆಗ್ತದ್ರಿ?” ಎಂದು ಆಕೆ ಕೇಳುತ್ತಿದ್ದರು.

“ಸುಲ್ತಾನ ಇನ್ನಾ ಕೋಟಿ ಕಟ್ಟಾಕತ್ತಾನ. ಸ್ವಲ್ಪ ತಡಿ.”

“ಆರು ವರ್ಷ ಆತು. ಖರೇ ಸುಲ್ತಾನನೂ ಇಷ್ಟು ತಡಾ ಮಾಡಿರಲಿಕ್ಕಿಲ್ಲ.”

ತಮ್ಮದು ಬಹುಮುಖ ಆಸಕ್ತಿ ಎಂದು ದೇವೀಂದ್ರಪ್ಪ ನಾಲ್ಕು ಮಂದಿಯ ಮುಂದೆ ಹೇಳಿಕೊಳ್ಳುತ್ತಿದ್ದರು. ನಿಜ ಏನೆಂದರೆ ಅವರಿಗೆ ಹೆದರಿಕೆ. ಬಲಗೈಯಲ್ಲಿ ಉಳಿದ ಪುಟ ತೆಳ್ಳಗಾಗುತ್ತ ಬಂದಂತೆ ಅವರು ಗುರುತಿಗೆ ಏನಾದರೂ ಹುಡುಕತೊಡಗುತ್ತಿದ್ದರು. ಇನ್ನು ಯಾರೋ ಸಾಯುತ್ತಾರೆ, ಯಾರೋ ಊರು ಬಿಡುತ್ತಾರೆ. ಅದಕ್ಕಿಂತ ಮೊದಲೇ ಪುಸ್ತಕ ಮುಚ್ಚಿದರೆ ಎಲ್ಲರೂ ಬದುಕಿಯೇ ಇರುತ್ತಾರಲ್ಲ! ಈ ಗುಟ್ಟು ಗೊತ್ತಿದ್ದವರು ಇಬ್ಬರೇ: ಒಬ್ಬರು ಶಿವಕಾಂತಮ್ಮ, ಇನ್ನೊಬ್ಬರು ಕಮಲಾಪುರದ ಬುರ್ಹಾನುದ್ದೀನ್ ಮಾಸ್ತರರು.

ಮಾಸ್ತರರು ಕಮಲಾಪುರದ ಹೈಸ್ಕೂಲಿನಲ್ಲಿ ಕನ್ನಡ ಕಲಿಸಿ ನಿವೃತ್ತರಾದವರು. ಹುಡುಗರಿದ್ದಾಗ ಇಬ್ಬರೂ ತಮ್ಮೂರ ಕೋಟೆಯ ಕಂದಕದ ಗೋಡೆಯ ಮೇಲೆ ಕೂತು ಒಂದೇ ಪುಸ್ತಕ ಓದುತ್ತಿದ್ದರು. ಬುರ್ಹಾನ್ ತನ್ನ ಪುಟ ಮುಗಿಸಿ, ಗೆಳೆಯ ಆ ಪುಟ ಮುಗಿಸುವ ತನಕ ಕಾಯುತ್ತಿದ್ದ. ದೊಡ್ಡವರಾದ ಮೇಲೂ ತಿಂಗಳಿಗೆರಡು ಶನಿವಾರ ದೇವೀಂದ್ರಪ್ಪ ಬಸ್ಸು ಹತ್ತಿ ಕಮಲಾಪುರಕ್ಕೆ ಹೋಗುವುದು, ಓದದ ಪುಸ್ತಕದ ಮೇಲೆ ಗಂಟೆಗಟ್ಟಲೆ ವಾದ ಮಾಡುವುದು ತಪ್ಪಿರಲಿಲ್ಲ.

ಆಮೇಲೆ ಸಕ್ಕರೆ ಕಾಯಿಲೆ ಮಾಸ್ತರರ ಕಣ್ಣು ತಿಂದಿತು. ಬಳಿಕ ಕಿಡ್ನಿಗೆ ಬಂತು. ಒಂದು ಶನಿವಾರ ಗೆಳೆಯ ಚಹಾದ ಕಪ್ಪಿಗಾಗಿ ಚಾಪೆಯ ಮೇಲೆ ಕೈಯಾಡಿಸಿ ತಡಕಾಡಿದ್ದನ್ನು ದೇವೀಂದ್ರಪ್ಪ ಕಂಡರು. ಆ ಸಂಜೆಯೇ ಅವರ ಮೊಣಕಾಲು ನೋಯತೊಡಗಿತು. ಆ ನೋವು ಕಮಲಾಪುರದ ದಿಕ್ಕಿಗೆ ಮಾತ್ರ ಬರುತ್ತಿತ್ತು. ಊರೊಳಗಿನ ಜಗತ್ ಸರ್ಕಲ್‌ಗೆ ಮಿರ್ಚಿ ಭಜಿ ತಿನ್ನಲು ಹೋಗುವಾಗ ಬರುತ್ತಿರಲಿಲ್ಲ.

ಹೀಗಿರುವಾಗ ಒಂದು ದಿನ ಮಾಸ್ತರರ ಫೋನು ಬಂತು.

“ದೇವ್ಯಾ, ಮೂವತ್ತೆಂಟು ವರ್ಷದ ಹಿಂದ ನನ್ನ ಕಡಿಂದ ಒಂದು ಕಾದಂಬರಿ ಒಯ್ದಿದ್ದಿ. ಬಳಿಗಾರ ಚಂದಮ್ಮಂದು. ಅದ ಏನು?”

“ಅದಪಾ. ರಟ್ಟು ಹರದದ.”

“ರಟ್ಟು ಬಿಡು. ದಿನಾ ಒಂದ್ಹತ್ತು ಹಾಳಿ ಫೋನಿನಾಗ ಓದು. ಕೊನೀತನಕ.”

“ನೀ ಮೊದ್ಲೇ ಓದಿದ್ಯಲ್ಲೋ?”

“ಮರತೀನಿ. ಕೊನೀತನಕ ಅಂದೆ ನೋಡು. ಕಡೀ ಹಾಳೀತನಕ.”

ಆ ರವಿವಾರದ ರಾಜಾಜ್ಞೆಯಲ್ಲಿ ಏಳು ದಿನಕ್ಕೂ ಒಂದೇ ಪುಸ್ತಕ! ಶಿವಕಾಂತಮ್ಮ ಎರಡು ಸಲ ಓದಿ ನೋಡಿದರು. ದಿನಾ ನಾಲ್ಕು ಗಂಟೆಗೆ ಫೋನನ್ನು ತಂಬಿಗೆಗೆ ಆನಿಸಿಟ್ಟು ದೇವೀಂದ್ರಪ್ಪ ಗಂಟಲು ಸರಿಪಡಿಸಿಕೊಳ್ಳುವರು. ಚಂದಮ್ಮ ಬಳೆಯ ಬುಟ್ಟಿ ಹೊತ್ತು ಊರೂರು ತಿರುಗುವಳು, ಗೌಡನ ಹೆಂಡತಿಗೆ ಬಳೆ ತೊಡಿಸುತ್ತಲೇ ಗೌಡನನ್ನು ಬಯ್ಯುವಳು. ಆಚೆ ಮಾಸ್ತರರು “ವಾಹ್!” ಎನ್ನುವರು. ಬಾಗಿಲಲ್ಲಿ ತೊಗರಿಬೇಳೆ ಆರಿಸುತ್ತ ಕೂತ ಶಿವಕಾಂತಮ್ಮ ಕಲ್ಲು ಬಿಟ್ಟು ಬೇಳೆ ಎಸೆಯುವರು.

ಮುನ್ನೂರ ಹನ್ನೆರಡು ಪುಟದ ಪುಸ್ತಕ. ಇನ್ನೂರ ತೊಂಬತ್ತೇಳನೆಯ ಪುಟದಲ್ಲಿ ಚಂದಮ್ಮನಿಗೆ ಜ್ವರ ಬಂತು. ವೈದ್ಯ ತಲೆಯಾಡಿಸಿದ. ಬಲಗೈಯಲ್ಲಿ ಹದಿನೈದೇ ಪುಟ. ಹಾಸಿಗೆ ಹಿಡಿದವನಿಗೆ ಚಂದಮ್ಮನ ಸಾವನ್ನು ಯಾವ ಬಾಯಿಯಿಂದ ಓದಿ ಹೇಳುವುದು? ಮರುದಿನ ದೇವೀಂದ್ರಪ್ಪ ಪುಸ್ತಕ ಮುಚ್ಚಿಟ್ಟು, ಕಣ್ಣು ಮುಚ್ಚಿ, ತಾವೇ ಕಾದಂಬರಿಕಾರರಾದರು.

ಮನೆಯಲ್ಲಿ ಶಿವಕಾಂತಮ್ಮ ಮಾಡುವಂಥದೇ ಶುಂಠಿ ಕಷಾಯ ಕುಡಿದು ಚಂದಮ್ಮ ಎದ್ದು ಕೂತಳು. ಮುಂದೇನು? ಪಾಪ, ಅವರಿಗೆ ಗೊತ್ತಿದ್ದುದೆಲ್ಲ ಬೇಳೆ ಮಿಲ್ಲು. ಮೂರನೆಯ ದಿನ ಚಂದಮ್ಮ ಬಳೆಯ ಬುಟ್ಟಿ ಎಸೆದು ಬೇಳೆ ಮಿಲ್ಲು ಹಾಕಿದಳು. ಇಪ್ಪತ್ತು ಎಚ್‌ಪಿ ಮೋಟಾರು ಕೂಡಿಸಿದಳು.

“ಆ ಕಾಲದಾಗ ಕರೆಂಟ್ ಎಲ್ಲಿತ್ತೋ ದೇವ್ಯಾ?”

“ಡೀಸೆಲ್ ಇಂಜಿನ್! ಹಾಂಗೇ ಬರದಾರ.”

“ಹಾಳಿ ತಿರುವಿದ ಸಪ್ಪಳಾನೇ ಇಲ್ಲ?”

ಅಂದಿನಿಂದ ಅವರು ಸಪ್ಪಳಕ್ಕೆಂದು ದಿನಪತ್ರಿಕೆ ಹಿಡಿದು ಕೂತರು. ಚರ್ರ್ ಎಂದು ತಿರುವಿದರೆ ಅತ್ತಲಿಂದ, “ಹಾಳಿ ಭಾಳ ದೊಡ್ಡು ಆಗ್ಯಾವಲ್ಲೋ!”

ಎರಡು ವಾರ ಕೇಳಿ ಕೇಳಿ ಶಿವಕಾಂತಮ್ಮನಿಗೆ ತಾಳಲಾಗಲಿಲ್ಲ.

“ಏನ್ರೀ, ಕುರುಡರಿಗೆ ಸುಳ್ಳ ಹೇಳಾಕ ನಾಚಿಕಿ ಬರಂಗಿಲ್ಲ?”

“ಆಕಿ ಸಾಯೋದು ಅಂವಗ್ಯಾಕ ಹೇಳಲಿ?”

“ಸಾಯ್ತಾಳಂತ ಯಾರು ಹೇಳಿದ್ರು? ಓದೀರೇನು?”

“ಓದೋದೇನದ? ಕೊನಿಗೆ ಎಲ್ಲಾ ಅದೇ.”

“ಕಡೀ ಹಾಳಿ ನೋಡಾಕ ಹೆದರ್ತೀರಿ. ಬುರ್ಹಾನಣ್ಣನ ಮಾರಿ ನೋಡಾಕೂ ಹಂಗೇ ಹೆದರ್ತೀರಿ. ಅವರು ಕೇಳಿದ್ದು ಕತಿ ಅಲ್ರೀ, ನಿಮ್ಮನ್ನ.”

ದೇವೀಂದ್ರಪ್ಪ ಮೊಣಕಾಲು ತಿಕ್ಕಿಕೊಂಡರು.

ಮಾಸ್ತರರ ದನಿ ದಿನದಿನಕ್ಕೆ ಸಣ್ಣಗಾಗುತ್ತಿತ್ತು. “ಲಗೂ ಮುಗಸೋ” ಎಂದರು. “ಈ ಶನಿವಾರ ಮುಗಸ್ತೀನಿ” ಎಂದು ಇವರು ಮಾತು ಕೊಟ್ಟರು. ಬಂದ ಶನಿವಾರ ದೇವೀಂದ್ರಪ್ಪ ಚಂದಮ್ಮನಿಗೆ ಗದ್ದಲದಿಂದ ಮದುವೆ ಮಾಡಿ, ಮಿಲ್ಲಿನ ತುಂಬ ಊಟ ಹಾಕಿಸಿ, ಪತ್ರಿಕೆ ಮಡಿಚಿ, “ಸಮಾಪ್ತ” ಎಂದರು.

“ಕಡೀ ಹಾಳಿ ಓದಿದೇನು?” ಎಂದು ಮಾಸ್ತರರು ಕೇಳಿದರು.

“ಓದಿದೆ.”

“ಮತ್ತೇನೂ ಬರದಿಲ್ಲ ಅದರಾಗ?”

“ಏನಿಲ್ಲ. ಸಮಾಪ್ತ, ಅಷ್ಟೇ.”

“ಹೌದಾ,” ಎಂದರು ಮಾಸ್ತರರು. “ಚಲೋ ಆತು ಬಿಡು.”

ಫ್ರಿಜ್ಜಿನ ಮೇಲಿನ ‘ಮುಗಿಸುವುದು’ ಎಂಬುದರ ಮುಂದೆ ದೇವೀಂದ್ರಪ್ಪ ಜೀವನದಲ್ಲಿ ಮೊದಲ ಸಲ ಕೆಂಪು ಗುರುತು ಹಾಕಿದರು. ಅದಾದ ಒಂಬತ್ತನೆಯ ದಿನ ಮಾಸ್ತರರು ತೀರಿಕೊಂಡರು. ಸುದ್ದಿ ಕೇಳಿ ಹೊರಟ ದೇವೀಂದ್ರಪ್ಪ ಬಸ್ ನಿಲ್ದಾಣದ ತನಕ ಹೋಗಿ, ಬಸ್ಸು ಹೋಗುವುದನ್ನು ನೋಡುತ್ತ ನಿಂತು, ಮನೆಗೆ ವಾಪಸು ಬಂದರು. ಗೆಳೆಯನ ಮಣ್ಣಿಗೂ ಹೋಗಲಿಲ್ಲ. ಶಿವಕಾಂತಮ್ಮ ಬೈಯದೆ ತಾಟು ಬಡಿಸಿಟ್ಟರು, ಬೈದಿದ್ದರೆ ಚೆನ್ನಾಗಿತ್ತು ಎಂದು ಅವರಿಗೆ ಅನಿಸಿತು.

ನಲವತ್ತನೆಯ ದಿನದ ಪ್ರಾರ್ಥನೆಗೆ ಮಾಸ್ತರರ ಹೆಂಡತಿ ಗುಲ್ಶನ್ ಫೋನು ಮಾಡಿ ಕರೆದರು. ಶಿವಕಾಂತಮ್ಮ ಗಂಡನ ಕೈಯಲ್ಲಿ ಆ ರಟ್ಟು ಹರಿದ ಪುಸ್ತಕ ಇಟ್ಟು, “ಅವರದು ಅವರ ಮನೀಗೆ ಮುಟ್ಟಲಿ. ನಡೀರಿ, ನಾನೂ ಬರ್ತೀನಿ,” ಎಂದರು.

ಬಸ್ಸಿನಲ್ಲಿ ಕೈಗೆ ಬೇರೆ ಕೆಲಸವಿರಲಿಲ್ಲ. ಇನ್ನು ಯಾರು ಸತ್ತರೇನು ಎಂದು ದೇವೀಂದ್ರಪ್ಪ ಇನ್ನೂರ ತೊಂಬತ್ತೆಂಟನೆಯ ಪುಟ ತೆಗೆದರು. ಮೂರನೆಯ ಸಾಲಿನಲ್ಲೇ ಚಂದಮ್ಮನ ಜ್ವರ ಇಳಿದಿತ್ತು! (ಒಂದು ಪುಟ. ಒಂದೇ ಒಂದು ಪುಟ ತಿರುವಿದ್ದರೆ ಇಪ್ಪತ್ತು ಎಚ್‌ಪಿ ಇಂಜಿನ್ನಿನ ಗೊಡವೆಯೇ ಇರುತ್ತಿರಲಿಲ್ಲ.) ಮುಂದಿನ ಹದಿನಾಲ್ಕು ಪುಟದ ತುಂಬ ಚಂದಮ್ಮ ಬುಟ್ಟಿ ಹೊತ್ತು ಹಾಡುತ್ತ ಊರಿಂದೂರಿಗೆ ನಡೆದಿದ್ದಳು. ಕೊನೆಯ ಪುಟದಲ್ಲಿ ‘ಸಮಾಪ್ತ’ದ ಕೆಳಗೆ, ಮಾಸ್ತರರ ದುಂಡು ಅಕ್ಷರದಲ್ಲಿ, ಪುಸ್ತಕ ಕೊಟ್ಟಾಗಲೇ ಬರೆದ ಮಾಸಿದ ಪೆನ್ಸಿಲ್ಲು ಸಾಲು:

‘ದೇವೀಂದ್ರ, ಇಲ್ಲಿಯವರೆಗೆ ಓದಿದ್ದು ಖರೆ ಇದ್ದರೆ ಅದೇ ದಿನ ಬಸ್ಸು ಹಿಡಿದು ಬಾ. ಚಹಾ ಮತ್ತು ನಮ್ಮೂರ ಕೆಂಪು ಬಾಳೆಹಣ್ಣು ನನ್ನ ಕಡೆಯಿಂದ. ಎಷ್ಟು ತಡವಾದರೂ ನಡೆದೀತು. ಬುರ್ಹಾನ್.’

ದೇವೀಂದ್ರಪ್ಪ ಅದನ್ನು ಮತ್ತೊಮ್ಮೆ ಓದಿದರು. ಪಕ್ಕದಿಂದ ಬಗ್ಗಿ ಓದಿದ ಶಿವಕಾಂತಮ್ಮ ಅವರ ತೋಳು ಹಿಡಿದು, “ಇಳೀರಿ, ಕಮಲಾಪುರ ಬಂತು,” ಎಂದರು.

ಗುಲ್ಶನ್ ಪುಸ್ತಕ ನೋಡಿದ ಕೂಡಲೇ ಗುರುತಿಸಿದರು.

“ಆ ದಿನ ನಾಲ್ಕರ ಮೊದ್ಲೇ ಹಾಲು ತರಿಸಿ ಇಟ್ಟಿದ್ರು ಭಾಯಿ. ‘ಇವತ್ತ ದೇವ್ಯಾ ಮುಗಸ್ತಾನ, ಬಸ್ ಹತ್ತತಾನ’ ಅಂದ್ರು. ಫೋನ್ ಇಟ್ಟ ಮ್ಯಾಲ ಖೂಬ್ ನಕ್ಕರು. ‘ಬದ್ಮಾಶ್ ಓದೇ ಇಲ್ಲ, ಚಂದಮ್ಮಗ ಮಿಲ್ ಹಾಕಿಕೊಟ್ಟಾನ’ ಅಂದ್ರು.”

“ಸಿಟ್ಟಾಗಲಿಲ್ಲೇನು ಭಾಬಿ?”

“ಇಲ್ರಿ. ಆಖ್ರೀ ಬಸ್ ಹೋಗೋತನಕ ಬಾಗಿಲಾ ಹಾಕಬ್ಯಾಡ ಅಂದ್ರು, ಅಷ್ಟೇ.”

ದೇವೀಂದ್ರಪ್ಪ ಗೋಡೆಯ ಕಡೆ ಮುಖ ಮಾಡಿ ಸಣ್ಣ ಹುಡುಗನಂತೆ ಅತ್ತರು. ಗುಲ್ಶನ್ ಒಳಗೆ ಹೋಗಿ, ಒಂದು ತಟ್ಟೆಯಲ್ಲಿ ಎರಡು ಕೆಂಪು ಬಾಳೆಹಣ್ಣು, ಒಂದು ಕಪ್ ಚಹಾ ತಂದು ಚಾಪೆಯ ಮೇಲಿಟ್ಟರು. ದೇವೀಂದ್ರಪ್ಪ ಎರಡು ಗುಟುಕು ಕುಡಿದು ಕಪ್ಪು ಕೆಳಗಿಟ್ಟರು.

ಗುಲ್ಶನ್ ಅದನ್ನು ಮತ್ತೆ ಅವರ ಕಡೆ ಸರಿಸಿದರು.

“ಪೂರಾ ಕುಡೀರಿ ಭಾಯಿ. ಇದನ್ನಾದ್ರೂ ಅರ್ಧಕ್ಕ ಬಿಡಬ್ಯಾಡ್ರಿ.”